ಹನ್ನೊಂದು ತಿಂಗಳ ಬಿಡಾರ

ಜೂನ್ ತಿಂಗಳು ಬಂತೆಂದರೆ ಪುಣೆಯಲ್ಲಿರುವ ನಮ್ಮಂಥವರ ಫೋನು ಬಿಡುವಿಲ್ಲದೆ ಗಂಟೆ ಹೊಡೆಯಹತ್ತುತ್ತದೆ. ಗದಗ, ಬಾಗಲಕೋಟೆ, ವಿಜಯಪುರ, ಕಲಬುರ್ಗಿ. ಹತ್ತಿರದವರು, ದೂರದವರು, ಬೀಗರ ಬೀಗರು. "ನಮ್ಮ ಹುಡುಗನಿಗೆ ನಿಮ್ಮ ಊರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ಒಂದು ಖೋಲಿ ನೋಡಿಕೊಡಿರಿ." ಹೇಳುವವರಿಗೆ ಇದು ಒಂದೇ ಸಾಲಿನ ಮಾತು. ಆ ಒಂದು ಸಾಲು ನಮ್ಮನ್ನು ಎಲ್ಲೆಲ್ಲಿಗೆ ಒಯ್ದಿತು ಎಂಬುದನ್ನು ಈ ಸಲ ವಾಚಕರ ಮುಂದೆ ಇಡಬೇಕೆಂದಿದ್ದೇವೆ. ಮುಂದಿನ ಜೂನಿನಲ್ಲಿ ಫೋನು ಎತ್ತಬೇಕಾದವರು ನಿಮ್ಮಲ್ಲಿಯೂ ಅನೇಕರಿರಬಹುದು.

ಓದುವದಕ್ಕಾಗಿ ಪುಣೆಗೆ ಬರುವದು ನಮ್ಮವರಿಗೆ ಹೊಸದೇನೂ ಅಲ್ಲ. 1917ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು ಹುಟ್ಟುವ ತನಕ ಆ ಕಡೆಯ ಹುಡುಗನಿಗೆ ಬಿ.ಎ. ಆಗಬೇಕಾದರೆ ಪುಣೆ ಇಲ್ಲವೆ ಮುಂಬಯಿಯ ದಾರಿ ಹಿಡಿಯುವದು ಸಾಮಾನ್ಯವಾಗಿತ್ತು. ಬೇಂದ್ರೆಯವರು ಬಿ.ಎ. ಓದಿದ್ದೂ ಇಲ್ಲಿಯ ಫರ್ಗ್ಯುಸನ್ ಕಾಲೇಜಿನಲ್ಲಿಯೇ. ಆಗಿನ ಬಡ ವಿದ್ಯಾರ್ಥಿ ಯಾವುದೋ ಪೇಟೆಯ ವಾಡೆಯಲ್ಲಿ ಒಂದು ಮೂಲೆ ಹಿಡಿದು, ವಾರಾನ್ನ ಉಂಡು, ಕಂದೀಲಿನ ಬೆಳಕಿನಲ್ಲಿ ಓದಿಕೊಳ್ಳುತ್ತಿದ್ದನು. ಅದೊಂದು ಸುಖದ ಕಾಲವಾಗಿತ್ತೆಂದು ನಾವು ಹೇಳುವದಿಲ್ಲ. ಆದರೆ ವಾಡೆಯ ಮಾಲಕ ಬಹುಶಃ ಅದೇ ವಾಡೆಯಲ್ಲಿ ಇರುತ್ತಿದ್ದನು. ಮೋರಿ ಕಟ್ಟಿದರೆ ವಾಸನೆ ಅವನ ಮೂಗಿಗೂ ಬಡಿಯುತ್ತಿತ್ತು. ಈಗ ಹುಡುಗರಿರುವದು ಒಂದು ಊರಲ್ಲಿ, ಮಾಲಕನ ಮೂಗು ಇನ್ನೊಂದು ಊರಲ್ಲಿ. ನಮ್ಮ ಕಥೆಯ ಮುಕ್ಕಾಲು ಪಾಲು ಇಷ್ಟೇ.

2023ರ ಜುಲೈಯಲ್ಲಿ ನಮ್ಮ ಅಕ್ಕನ ಮಗ ಎರಡನೆಯ ವರ್ಷಕ್ಕೆ ಬಂದನು. ಮೊದಲ ವರ್ಷದವರಿಗೆ ಮಾತ್ರ ವಸತಿಗೃಹ ಎಂದು ಅವನ ಕಾಲೇಜಿನವರು ಹೇಳಿಬಿಟ್ಟಿದ್ದರು. ನಮ್ಮ ಮನೆಯಲ್ಲಿಯೇ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ಯಾರಾದರೂ ಕೇಳಿಯಾರು. ಸರಕಾರಿ ಕಾರಕೂನನ ಕ್ವಾರ್ಟರ್ಸು ಎಷ್ಟು ದೊಡ್ಡದೆಂಬುದನ್ನು ಬಲ್ಲವರು ಕೇಳಲಾರರು. ಮೇಲಾಗಿ ಅದು ಇರುವದು ಊರಿನ ಈ ತುದಿಗೆ, ಕಾಲೇಜು ಆ ತುದಿಗೆ, ಆಂಬೇಗಾವದ ಕಡೆಗೆ. "ತಮ್ಮಾ, ಹುಡುಗನ್ನ ನಿನ್ನ ಉಡ್ಯಾಗ ಹಾಕೇನಿ, ನೋಡು" ಎಂದಳು ಅಕ್ಕ. ಇನ್ನು ಬೇರೆ ಮಾತಿಗೆ ಎಡೆಯೆಲ್ಲಿ?

ನಾಲ್ವರು ಹುಡುಗರು ಕೂಡಿ ಮೂರನೆಯ ಮಹಡಿಯ ಎರಡು ಖೋಲಿಯ ಫ್ಲ್ಯಾಟೊಂದನ್ನು ಹಿಡಿದರು. ತಿಂಗಳ ಬಾಡಿಗೆ 24,000 ರೂಪಾಯಿ, ಮೂರು ತಿಂಗಳ ಡಿಪಾಜಿಟ್ 72,000, ದಲ್ಲಾಳಿಗೆ ಒಂದು ತಿಂಗಳದ್ದು. ಮೊದಲ ದಿನವೇ ತಲೆಗೆ 30,000 ರೂಪಾಯಿ ಬೇಕಾಯಿತು. ಅಕ್ಕ ತನ್ನ ಕೈಯೊಳಗಿನ ಪಾಟಲಿ ಒತ್ತೆಯಿಟ್ಟು ಹಣ ಕಳಿಸಿದಳೆಂಬುದು ನಮಗೆ ಆಗ ತಿಳಿಯಲಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ಅವಳ ಬರಿಗೈ ನೋಡಿ ತಿಳಿಯಿತು.

ಮಾಲಕರನ್ನು ನಾವು ಕಾಣಲಿಲ್ಲ. ಅವರ ಪರವಾಗಿ ಮನೆಗಳ 'ಮೇಲ್ವಿಚಾರಣೆ' ಮಾಡುವ ಒಂದು ಸಂಸ್ಥೆ ಇತ್ತು. ಗಾಜಿನ ಮೇಜು, ತಣ್ಣನೆಯ ಗಾಳಿ, ಕುಡಿಯಲು ಕಾಫಿ, ಓದಲು ಇಂಗ್ಲಿಷಿನಲ್ಲಿ ಹತ್ತು ಪುಟದ ಕಾಗದ. ಸಾಕ್ಷಿಯೆಂದು ನಮ್ಮ ಸಹಿ ಕೇಳಿದರು. ನಾವು ಮಾಡಿದೆವು, ಓದದೆ ಮಾಡಿದೆವು! ಕಚೇರಿಯ ಕಿಟಕಿಯಲ್ಲಿ ಕುಳಿತು ದಿನಾಲು ನೂರು ಜನರಿಗೆ "ಓದಿ ನೋಡಿ ಸಹಿ ಮಾಡಿರಿ" ಎಂದು ಗದರಿಸುವ ಮನುಷ್ಯ ಕಾಫಿಯ ಕಪ್ಪು ಹಿಡಿದುಕೊಂಡು ಸಹಿ ಮಾಡಿದನೆಂದರೆ ಏನು ಹೇಳುವದು? ಮನೆಯ ಸಕಲ ವಸ್ತುಗಳೂ ಸುಸ್ಥಿತಿಯಲ್ಲಿರುವದನ್ನು ಕಂಡು ಒಪ್ಪಿಕೊಂಡಿದ್ದೇವೆ ಎಂಬ ವಾಕ್ಯ ಅದರೊಳಗಿತ್ತು. ಬಿಡುವಾಗ ಒಂದು ತಿಂಗಳ ಬಾಡಿಗೆಯನ್ನು ಬಣ್ಣಕ್ಕೆಂದು ಮುರಿದುಕೊಳ್ಳಲಾಗುವದು ಎಂಬುದೂ ಇತ್ತು.

ಹುಡುಗರು ಒಳಗೆ ಹೋದ ವಾರದಲ್ಲಿಯೇ ಸುಸ್ಥಿತಿ ಬೈಲಿಗೆ ಬಂತು. ಬಾಲ್ಕನಿಯ ಗೋಡೆ ಮಳೆಗೆ ತೊಯ್ದು ಪುಸ್ತಕಗಳಿಗೆ ಬೂಷ್ಟು ಹಿಡಿಯಿತು. ನೀರು ಟ್ಯಾಂಕರಿನದು, ಬಂದಾಗ ಬಂತು. ಲಿಫ್ಟು ಅಲಂಕಾರಕ್ಕೆ. ಇವೆಲ್ಲ ಪುಣೆಯಲ್ಲಿ ಯಾರಿಗೂ ತಪ್ಪದವು, ಬಿಡಿರಿ. ತಪ್ಪಿಸಬೇಕಾಗಿದ್ದದ್ದು ಒಂದೇ, ಬಚ್ಚಲದೊಳಗಿನ ಗ್ಯಾಸ್ ಗೀಸರು.

ಈ ಯಂತ್ರದ ಬಗ್ಗೆ ಎರಡು ಮಾತು ಹೇಳಲೇಬೇಕು. ಇದು ಸಿಲಿಂಡರಿನ ಗ್ಯಾಸಿನಿಂದ ನೀರು ಕಾಯಿಸುತ್ತದೆ. ಉರಿಯುವದಕ್ಕೆ ಬೇಕಾದ ಗಾಳಿಯನ್ನು ಬಚ್ಚಲದಿಂದಲೇ ಎಳೆದುಕೊಳ್ಳುತ್ತದೆ. ಗಾಳಿ ಸಾಲದಾದರೆ ಉರಿ ಪೂರ್ಣವಾಗದೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯು ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದೊಳಗೆ ಪ್ರಾಣವಾಯು ಕೂಡ್ರಬೇಕಾದ ಜಾಗದಲ್ಲಿ ಅದಕ್ಕಿಂತ ಇನ್ನೂರು ಪಟ್ಟು ಹೆಚ್ಚು ಬಲದಿಂದ ಇದು ಅಂಟಿಕೊಳ್ಳುತ್ತದೆ. ಮನುಷ್ಯನಿಗೆ ತಲೆ ಭಾರವಾಗುತ್ತದೆ, ಕಾಲು ಸೋಲುತ್ತವೆ. ಅಗುಳಿ ತೆಗೆದು ಹೊರಗೆ ಬರಬೇಕೆನ್ನುವಷ್ಟರಲ್ಲಿ ಎಚ್ಚರ ತಪ್ಪುತ್ತದೆ. ಆದ್ದರಿಂದ ಗೀಸರೂ ಸಿಲಿಂಡರೂ ಬಚ್ಚಲದ ಹೊರಗೆ, ಗಾಳಿಯಾಡುವ ಜಾಗದಲ್ಲಿ ಇರಬೇಕು. ಈ ಮನೆಯಲ್ಲಿ ಗೀಸರು ಒಳಗೇ ಇತ್ತು. ಒಂದು ಗವಾಕ್ಷಿಯೇನೋ ಇತ್ತು. ಆದರೆ ಪಾರಿವಾಳಗಳು ಬರುತ್ತವೆಂದು ಅದಕ್ಕೆ ಯಾರೋ ಪ್ಲೈವುಡ್ಡಿನ ಹಲಗೆ ಬಡಿದಿದ್ದರು.

ಸ್ನಾನ ಮಾಡಿ ಬಂದರೆ ತಲೆ ಸಿಡಿಯುತ್ತದೆಂದು ಹುಡುಗರು ನವೆಂಬರಿನಲ್ಲಿಯೇ ಸಂಸ್ಥೆಯವರಿಗೆ ವಾಟ್ಸಾಪಿನಲ್ಲಿ ತಿಳಿಸಿದ್ದರು. ಅಳಿಯ ನಮಗೂ ಹೇಳಿದನು. "ನಾಕು ಸರತೆ ಬರದೇವಿ ಮಾಮಾ. 'ನೋಟೆಡ್' ಅಂತ ಬರತೈತಿ, ಅದರ ಮುಂದ ಒಂದು ಹೆಬ್ಬೆಟ್ಟಿನ ಚಿತ್ರ. ಮುಗೀತು." ನಾವು ನಕ್ಕೆವು. 'ನೋಟೆಡ್' ಎಂಬ ಶಬ್ದದ ಬೆಲೆ ಸರಕಾರಿ ಕಾರಕೂನನಿಗಿಂತ ಚೆನ್ನಾಗಿ ಬಲ್ಲವರಾರು? ಆ ನಗು ಇಂದಿಗೂ ನಮಗೆ ಚುಚ್ಚುತ್ತದೆ.

2024ರ ಜನವರಿಯ ಒಂದು ಚಳಿಯ ಬೆಳಗು. ನಾಲ್ವರಲ್ಲಿ ಒಬ್ಬ ಸೊಲ್ಲಾಪುರದವನು, ಮನೆಯಲ್ಲಿ ಕನ್ನಡವೇ ಆಡುವ ಮನೆತನದವನು. ಬೆಳಿಗ್ಗೆ ಪ್ರಾಯೋಗಿಕ ಪರೀಕ್ಷೆ ಇದ್ದುದರಿಂದ ಆರು ಗಂಟೆಗೇ ಸ್ನಾನಕ್ಕೆ ಹೋದನು. ಬಕೀಟು ಉರುಳಿದ ಸಪ್ಪಳ ಕೇಳಿ ನಮ್ಮ ಅಳಿಯನಿಗೆ ಎಚ್ಚರವಾಯಿತು. ಕರೆದರೆ ಓಗೊಡಲಿಲ್ಲ. ಮೂವರೂ ಕೂಡಿ ಭುಜ ಕೊಟ್ಟು ಬಾಗಿಲದ ಅಗುಳಿ ಮುರಿದರು. ಹುಡುಗ ನೆಲದ ಮೇಲೆ ಬಿದ್ದಿದ್ದನು. ಗೀಸರು ಇನ್ನೂ ಉರಿಯುತ್ತಿತ್ತು. ಅವನನ್ನು ಎಳೆದು ಬಾಲ್ಕನಿಯಲ್ಲಿ ಮಲಗಿಸಿ, ಒಂದು ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು. ನಾವು ಮುಟ್ಟಿದಾಗ ಅವನ ಮುಖಕ್ಕೆ ಆಮ್ಲಜನಕದ ಮುಖವಾಡ ಹಾಕಿದ್ದರು. ಸಂಜೆಗೆ ಕಣ್ಣು ತೆರೆದು ಕೇಳಿದ ಮೊದಲ ಮಾತು, "ಪರೀಕ್ಷಾ ಹೋತೇನ್ರಿ?" ಇನ್ನು ಹತ್ತು ನಿಮಿಷ ತಡವಾಗಿದ್ದರೆ ಎಂದು ಡಾಕ್ಟರರು ಹೇಳಹೊರಟು, ಹುಡುಗನ ತಾಯಿ ಬಾಗಿಲಲ್ಲಿ ನಿಂತದ್ದನ್ನು ಕಂಡು ಸುಮ್ಮನಾದರು.

ಮರುದಿನ ನಾವು ಕಚೇರಿಗೆ ರಜೆ ಹಾಕಿ ಗಾಜಿನ ಮೇಜಿನ ಮುಂದೆ ಕುಳಿತೆವು. ಮ್ಯಾನೇಜರ್ ಹೊಸಬನು, ಆರು ತಿಂಗಳಲ್ಲಿ ಮೂರನೆಯವನು. ಹಿಂದಿನವನ ಫೋನು ಹಿಂದಿನವನ ಸಂಗಡವೇ ಹೋಗಿತ್ತು. ದೂರುಗಳೂ ಅದರ ಸಂಗಡ ಹೋಗಿದ್ದವು. ಇಲ್ಲಿ ನಮಗೆ ಒಂದು ವಿಷಯ ಹೊಳೆಯಿತು. ವಿದ್ಯಾರ್ಥಿಗಳ ಮನೆ ಕೆಟ್ಟಿರುವದು ಯಾರೋ ದುಷ್ಟರಿರುವದರಿಂದಲ್ಲ. ಆ ಮನೆಗೆ ನೆನಪಿಲ್ಲದಿರುವದರಿಂದ. ಹುಡುಗರು ಜೂನಿಗೆ ಬರುತ್ತಾರೆ, ಮೇ ತಿಂಗಳಿಗೆ ಹೋಗುತ್ತಾರೆ. ಮ್ಯಾನೇಜರ್ ಅಷ್ಟು ದಿನವೂ ನಿಲ್ಲುವದಿಲ್ಲ. ಹೋದ ವರ್ಷ ಅದೇ ಬಚ್ಚಲದಲ್ಲಿ ಯಾರಿಗಾದರೂ ತಲೆ ಸಿಡಿದಿತ್ತೋ ಏನೋ, ಕೇಳಬೇಕೆಂದರೆ ಯಾರನ್ನು ಕೇಳುವದು?

ನೆನಪಿಡುವದು ಕಾರಕೂನನ ಕಸುಬು. ಅಂದೇ ರಾತ್ರಿ ನಾವು ಒಂದು ಕಂದು ಬಣ್ಣದ ಫೈಲು ತೆರೆದೆವು. ಆಗಸ್ಟಿನಿಂದ ಹುಡುಗರು ಕಳಿಸಿದ ಪ್ರತಿಯೊಂದು ದೂರನ್ನೂ ತಾರೀಖಿನೊಂದಿಗೆ ಬರೆದು, ಚಿತ್ರಗಳನ್ನು ಅಚ್ಚು ಮಾಡಿಸಿ ಅಂಟಿಸಿ, ಆಸ್ಪತ್ರೆಯ ಕಾಗದ ಲಗತ್ತಿಸಿ, ಕರಾರಿನಲ್ಲಿದ್ದ ಮಾಲಕರ ವಿಳಾಸಕ್ಕೆ ರಿಜಿಸ್ಟರ್ ಅಂಚೆಯಿಂದ ಕಳಿಸಿದೆವು. "ಮನೆಗೂ ಕಚೇರಿ ತಂದಿರಿ" ಎಂದರು ನಮ್ಮ ಮನೆಯವರು. ಹುಡುಗರಂತೂ ನಮಗೆ 'ಫೈಲ್ ಮಾಮಾ' ಎಂದು ಹೆಸರಿಟ್ಟರು.

ಒಂದು ವಾರಕ್ಕೆ ಮಾಲಕರಿಂದ ಫೋನು ಬಂತು. ಹೈದರಾಬಾದಿನಲ್ಲಿರುವ, ನಿವೃತ್ತರಾದ ವೃದ್ಧರು. ನಾವು ಜಗಳಕ್ಕೆ ಸೊಂಟ ಕಟ್ಟಿ ಫೋನು ಎತ್ತಿದರೆ ಆ ಮನುಷ್ಯನ ದನಿ ನಡುಗುತ್ತಿತ್ತು. ಗೀಸರಿನ ಮಾತು ಅವರ ಕಿವಿಗೆ ಬಿದ್ದಿರಲೇ ಇಲ್ಲ. ಅಷ್ಟೇ ಅಲ್ಲ, ಹುಡುಗರು ತಪ್ಪದೆ ಕೊಟ್ಟ ಬಾಡಿಗೆಯೊಳಗೆ ಎರಡು ತಿಂಗಳದ್ದು ಅವರಿಗೂ ಮುಟ್ಟಿರಲಿಲ್ಲ. ಎರಡು ಕಡೆಯವರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ ಕುಳಿತಿದ್ದೆವು. ನಡುವಿನವನು ಎರಡೂ ಕಡೆಗೆ 'ನೋಟೆಡ್' ಎನ್ನುತ್ತಿದ್ದನು. ನಾಲ್ಕು ದಿನದಲ್ಲಿ ಹಲಗೆ ಹೋಯಿತು, ಗವಾಕ್ಷಿಗೆ ಜಾಳಿಗೆ ಬಂತು, ಗ್ಯಾಸಿನದು ಹೋಗಿ ವಿದ್ಯುತ್ತಿನ ಗೀಸರು ಬಂತು.

ಇನ್ನು ಡಿಪಾಜಿಟ್ಟಿನ ಮಾತು. ಮೇ ತಿಂಗಳಲ್ಲಿ ಪರೀಕ್ಷೆ ನಡೆದಿರುವಾಗಲೇ ಸಂಸ್ಥೆಯವರು ಮುರಿತದ ಪಟ್ಟಿ ಕಳಿಸಿದರು. ಬಣ್ಣಕ್ಕೆ 24,000, ಸ್ವಚ್ಛತೆಗೆ 4,000, ಇತರೆ 3,500, ಮತ್ತು ಕೇಳಿರಿ, ಬಚ್ಚಲದ ಅಗುಳಿ ಮುರಿದದ್ದಕ್ಕೆ 3,500. ಒಂದು ಜೀವ ಉಳಿದದ್ದಕ್ಕೆ ಬಿಲ್ಲು! ಒಟ್ಟು 35,000. ಹುಡುಗರು ಬಿಟ್ಟುಬಿಡೋಣ ಎಂದರು. ಪರೀಕ್ಷೆ ಮುಗಿದೊಡನೆ ಊರಿಗೆ ಹೋಗಬೇಕು, ಯಾರು ಬಡಿದಾಡುವವರು? ಈ ವ್ಯವಹಾರ ನಿಂತಿರುವದೇ ಈ ಅವಸರದ ಮೇಲೆ. ಆದರೆ ನಮ್ಮ ಕಣ್ಣ ಮುಂದೆ ಅಕ್ಕನ ಕೈ ಇತ್ತು.

ಈ ಸಲ ಕಾಗದವನ್ನು ಓದಿದೆವು. ಇಲ್ಲಿ ಮನೆ ಕೊಡುವದಕ್ಕೆ ಬಾಡಿಗೆ ಪತ್ರ ಎನ್ನುವದಿಲ್ಲ, 'ಲೀವ್ ಆಂಡ್ ಲೈಸೆನ್ಸ್' ಎನ್ನುತ್ತಾರೆ. ಅಂದರೆ ಇರುವದಕ್ಕೆ ಅನುಮತಿ. 1947ರ ಮುಂಬಯಿ ಬಾಡಿಗೆ ಕಾಯಿದೆಯಿಂದ ಬಾಡಿಗೆ ಏರಿಸುವದೂ ಬಾಡಿಗೆದಾರನನ್ನು ಬಿಡಿಸುವದೂ ಕಠಿಣವಾದಾಗ ಮಾಲಕರು ಹಿಡಿದ ಒಳದಾರಿ ಇದು. ಹನ್ನೊಂದು ತಿಂಗಳ ಕರಾರಿಗೆ ನೋಂದಣಿ ಬೇಡವೆಂದು ಆ ಸಂಸ್ಥೆಯವರು ನಮಗೆ ಹೇಳಿದ್ದರು. ನಮ್ಮ ಊರ ಕಡೆಯೂ ಹಾಗೆಯೇ ತಿಳಿದಿದ್ದಾರೆ. 1908ರ ನೋಂದಣಿ ಕಾಯಿದೆ ಒಂದು ವರ್ಷಕ್ಕೆ ಮೀರಿದ ಗೇಣಿಗೆ ನೋಂದಣಿ ಬೇಕೆನ್ನುವದರಿಂದ ಹುಟ್ಟಿದ ಯುಕ್ತಿಯದು. ಮಹಾರಾಷ್ಟ್ರದಲ್ಲಿ ಮಾತ್ರ ಈ ಯುಕ್ತಿ ನಡೆಯುವದಿಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 55ನೆಯ ಕಲಮಿನಂತೆ ಕರಾರು ಎಷ್ಟು ತಿಂಗಳದ್ದಿರಲಿ, ಬರವಣಿಗೆಯಲ್ಲಿರಬೇಕು, ನೋಂದಣಿಯಾಗಬೇಕು, ನೋಂದಿಸುವ ಹೊಣೆ ಮಾಲಕನದು. ತಪ್ಪಿದರೆ 3 ತಿಂಗಳವರೆಗೆ ಸೆರೆ, ಇಲ್ಲವೆ 5,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ. ನೋಂದಣಿ ಇಲ್ಲದಿದ್ದರೆ ಯಾವ ಶರತ್ತಿನ ಮೇಲೆ ಮನೆ ಕೊಟ್ಟದ್ದೆಂಬ ಬಗ್ಗೆ ಒಳಗಿದ್ದವನ ಮಾತೇ, ಅದು ಸುಳ್ಳೆಂದು ಸಿದ್ಧವಾಗುವ ತನಕ, ನಿಲ್ಲತಕ್ಕದ್ದು. ನಮ್ಮ ಕಾಗದಕ್ಕೆ ನೋಟರಿಯ ಮುದ್ರೆ ಇತ್ತು, ನೋಂದಣಿ ಇರಲಿಲ್ಲ.

ಸಿಕ್ಕಿತು ಅಸ್ತ್ರ ಎಂದುಕೊಂಡೆವು. ಆದರೆ ನೋಡಿರಿ, ಆ ದಂಡ ಬೀಳುವದು ಮಾಲಕನ ಮೇಲೆ. ಗಾಜಿನ ಮೇಜಿನವನ ಮೇಲಲ್ಲ. ಹೈದರಾಬಾದಿನ ಆ ವೃದ್ಧರನ್ನು ಹೆದರಿಸಲು ನಮಗೆ ಮನಸ್ಸು ಬರಲಿಲ್ಲ. ಫೋನು ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದೆವು. ನೋಂದಣಿಯ ಖರ್ಚೆಂದು ಸಂಸ್ಥೆಯವರು ತಮ್ಮಿಂದ ಹಣ ಪಡೆದಿದ್ದಾರೆಂದು ಅವರೆಂದರು! ಮುಂದಿನದನ್ನು ಅವರೇ ನೋಡಿಕೊಂಡರು.

ಹುಡುಗರೇನು ದೇವರ ಮಕ್ಕಳೆಂದು ನಾವು ವಾದಿಸುವದಿಲ್ಲ. ಅಡಿಗೆಮನೆಯ ಕಟ್ಟೆಯ ಮೇಲೆ ತೆಂಗಿನಕಾಯಿ ಒಡೆದು ಕಲ್ಲು ಬಿರಿಯಿಸಿದ್ದರು. ಪಡಸಾಲೆಯ ಗೋಡೆಯ ಮೇಲೆ ಕ್ರಿಕೆಟ್ ಚೆಂಡಿನ ಗುರುತುಗಳನ್ನು ಎಣಿಸಿ ನಾವೇ ನಾಚಿದೆವು. ಇವಕ್ಕಾಗಿ 9,000 ರೂಪಾಯಿ ನ್ಯಾಯವೆಂದು ಎಲ್ಲರೂ ಒಪ್ಪಿದರು. ಜೂನ್ ಕೊನೆಗೆ 63,000 ಮರಳಿ ಬಂತು, ತಲೆಗೆ 15,750. ಅಕ್ಕ ಪಾಟಲಿ ಬಿಡಿಸಿಕೊಂಡಳು. ಬಡ್ಡಿ ಎಷ್ಟಾಯಿತೆಂದು ಕೇಳಿದರೆ ಮಾತು ಹೊರಳಿಸಿದಳು.

ಡಿಪಾಜಿಟ್ಟಿಗೆ ಒಂದು ಮಿತಿ ಬೇಡವೇ ಎಂದು ಯಾರಿಗಾದರೂ ಅನಿಸೀತು. ಬೆಂಗಳೂರಿನಲ್ಲಂತೂ ಹತ್ತು ತಿಂಗಳ ಮುಂಗಡ ಕೇಳುವ ರೂಢಿಯೇ ಇತ್ತು. ಕೇಂದ್ರ ಸರಕಾರವು 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳಬಾರದೆಂದಿದೆ. ಆದರೆ ಅದು ಮಾದರಿ. ರಾಜ್ಯವು ತಾನೇ ಶಾಸನ ಮಾಡಿದ ಹೊರತು ಜಾರಿಗೆ ಬರುವದಿಲ್ಲ. ಅಲ್ಲಿಯ ತನಕ, ಫೋನು ಎತ್ತುವ ಮಾಮಾ-ಕಾಕಾಗಳು ಸಾಮಾನು ಒಳಗೆ ಇಡುವ ಮೊದಲು ಪ್ರತಿ ಗೋಡೆಯ, ನಲ್ಲಿಯ ಚಿತ್ರ ತೆಗೆದು ಅದೇ ದಿನ ಕಳಿಸಿಬಿಡಲಿ, ಮಾಲಕರ ಸ್ವಂತ ಫೋನ್ ನಂಬರ್ ಇಲ್ಲದೆ ಹಣ ಕೊಡದಿರಲಿ, ಇರುವ ಹುಡುಗರೆಲ್ಲರ ಹೆಸರೂ ಕಾಗದದಲ್ಲಿ ಬರುವಂತೆ ನೋಡಲಿ. ಬಚ್ಚಲದ ಗವಾಕ್ಷಿಯನ್ನು ಮಾತ್ರ ತಾವೇ ಕೈಯಿಂದ ತೆರೆದು ನೋಡಲಿ.

ನಮ್ಮ ಹುಡುಗರು ಬಿಡುವ ಮುನ್ನಾದಿನ ಒಂದು ಕೆಲಸ ಮಾಡಿದ್ದರು. ಮನೆಯ ದೋಷಗಳನ್ನೆಲ್ಲ ಒಂದು ಹಾಳೆಯ ಮೇಲೆ ಬರೆದು, ಅಡಿಗೆಮನೆಯ ಕಪಾಟದ ಬಾಗಿಲದ ಒಳಮೈಗೆ ಅಂಟಿಸಿ, ಕೆಳಗೆ ನಮ್ಮ ಫೋನ್ ನಂಬರ್ ಹಾಕಿದ್ದರು. ನಮ್ಮನ್ನು ಕೇಳಿರಲಿಲ್ಲ. ಆ ಜುಲೈಯ ಒಂದು ರಾತ್ರಿ ಊಟಕ್ಕೆ ಕುಳಿತಾಗ ಫೋನು ಬಂತು. ಲಾತೂರಿನ ಹುಡುಗನಂತೆ, ಮರಾಠಿಯಲ್ಲಿ ಮಾತಾಡಿದನು. ಬಾಲ್ಕನಿಯ ಗೋಡೆ ಈಗಲೂ ತೊಯ್ಯುತ್ತಿದೆ ಕಾಕಾ, ನೀವು ಮೊದಲ ಸಲ ಬರೆದದ್ದು ಯಾವ ತಾರೀಖಿಗೆ ಎಂದು ಕೇಳಿದನು. ನಮ್ಮ ಮನೆಯವರು ಏನೂ ಅನ್ನದೆ ಕಪಾಟಿನಿಂದ ಫೈಲು ತಂದು ತಾಟಿನ ಬಳಿ ಇಟ್ಟರು. 2023ರ ಆಗಸ್ಟ್ 7.