ಹೆಣ್ತಿ ಹೂಂ ಅಂದ್ರೆ ಮಾತ್ರ ಡೀಕನ್!

ಸಂಸಾರಸ್ಥನಿಗೂ ದೇವರ ಕರೆ ಬರ್ತದೇನ್ರಿ? ನಮ್ಮ ಕಡೆ ಈ ಪ್ರಶ್ನೆ ಹೊಸದಲ್ಲ. ಸುರಪುರ ತಾಲ್ಲೂಕಿನ ಮುದನೂರಿನ ದೇವರ ದಾಸಿಮಯ್ಯನವರು ಮಗ್ಗ ಬಿಡಲಿಲ್ಲ, ಮಡದಿ ದುಗ್ಗಳೆಯನ್ನೂ ಬಿಡಲಿಲ್ಲ, ಶರಣರಾದರು.

ಕ್ಯಾಥೊಲಿಕ್ ಪಾದ್ರಿಗಳಿಗೆ ಸಾಮಾನ್ಯವಾಗಿ ಮದುವೆಯಿಲ್ಲ. ಆದರೆ ಅವರಿಗಿಂತ ಒಂದು ಮೆಟ್ಟಿಲು ಕೆಳಗಿನ ಡೀಕನ್ ದೀಕ್ಷೆ ಮದುವೆಯಾದವರಿಗೂ ಉಂಟು. 1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಒಪ್ಪಿತು. 1967ರಲ್ಲಿ ಪೋಪ್ ಆರನೇ ಪೌಲ್ ನಿಯಮ ಹೊರಡಿಸಿದರು. ಮುಂಬೈಯಲ್ಲಿ ಇಂಥ ಸಂಸಾರಸ್ಥ ಡೀಕನ್‌ಗಳಿದ್ದಾರೆ. ಡೀಕನ್ ಆದವರು ಜ್ಞಾನಸ್ನಾನ ಕೊಡಬಹುದು, ಮದುವೆ ನಡೆಸಬಹುದು, ಪ್ರವಚನ ಹೇಳಬಹುದು. ಬಲಿಪೂಜೆ ಮಾಡುವಂತಿಲ್ಲ, ಪಾಪನಿವೇದನೆ ಕೇಳುವಂತಿಲ್ಲ.

ಬರೀ ಆಸೆಯಿದ್ದರೆ ಸಾಲದು. ವಯಸ್ಸು 35 ತುಂಬಿರಬೇಕು. ಮೂರು ವರ್ಷದ ತರಬೇತಿ ಆಗಬೇಕು. ಎಲ್ಲಕ್ಕಿಂತ ಮೇಲೆ, ಹೆಂಡತಿ ಒಪ್ಪಬೇಕು. ಆಕೆ 'ಒಲ್ಲೆ' ಅಂದರೆ ಮುಗೀತು, ಬಿಷಪ್ಪರೂ ದೀಕ್ಷೆ ಕೊಡುವಂತಿಲ್ಲ. ದೀಕ್ಷೆಯಾದ ಮೇಲೆ ಆಕೆ ತೀರಿಕೊಂಡರೆ, ರೋಮ್‌ನಿಂದ ವಿನಾಯಿತಿ ಸಿಗದ ಹೊರತು ಮರುಮದುವೆಯೂ ಇಲ್ಲ. ಮನೆಯಲ್ಲಿ ಸಣ್ಣ ಮಕ್ಕಳಿದ್ದವರು ಇದನ್ನು ನಾಲ್ಕು ಸಲ ಯೋಚಿಸಬೇಕು.

ಯಾದಗಿರಿ, ಶಹಾಪುರ, ಸುರಪುರ ಮೂರೂ 2005ರಲ್ಲಿ ಆದ ಕಲಬುರಗಿ ಧರ್ಮಪ್ರಾಂತ್ಯಕ್ಕೆ ಸೇರಿವೆ. ಇಲ್ಲಿ ಯಾರಿಗಾದರೂ ಕರೆ ಬಂತು ಅನ್ನಿಸಿದರೆ, ಬಿಷಪ್ಪರನ್ನು ಕಾಣಲು ಕಲಬುರಗಿ ಬಸ್ ಹತ್ತುವ ಮೊದಲು ಅಡುಗೆಮನೆಗೆ ಹೋಗಿ ಕೇಳಿ ಬರುವುದು ಲೇಸು.