ಮಳೆಗಾಲದ ಒಲೆ ಮೇಲೆ ಹುರುಳಿ ಕಟ್ಟು

ಸಂಸೆಯ ಕಡೆಯಿಂದ ಕುದುರೆಯ ಮೋರೆಯಂತೆ ಕಾಣುವ ಶಿಖರ ಹದಿನೈದು ದಿನದಿಂದ ಮೋಡದೊಳಗೇ ಇದೆ. ಆಷಾಢದ ಮಳೆ ಹಂಚಿನ ಮೇಲೆ ಒಂದೇ ಸಮ ಸುರಿಯುತ್ತಿದೆ. ಅಂಗಳದ ಕೆಸರಿಗೆ ಹಾಸಿದ ಅಡಿಕೆ ಸೋಗೆಯ ಮೇಲೆ ಹುಷಾರಾಗಿ ಕಾಲಿಟ್ಟು, ಕೊಡೆ ಮಡಚಿ ಜಗುಲಿಯ ಮೂಲೆಗೆ ಒರಗಿಸಿ, ಹಿಮ್ಮಡಿಗೆ ಹತ್ತಿದ ಉಂಬಳಕ್ಕೆ ಸುಣ್ಣ ಮುಟ್ಟಿಸಿ ಕೆಡವಿ ಒಳಗೆ ಬನ್ನಿ. ಅಡುಗೆಮನೆ ಎಲ್ಲಿ ಎಂದು ಕೇಳಬೇಕಾಗಿಲ್ಲ. ಹಸಿ ಸೌದೆಯ ಹೊಗೆ, ಬೇಯುವ ಹುರುಳಿಯ ಮಣ್ಣಿನಂಥ ಘಮ ಎರಡೂ ಸೇರಿ ದಾರಿ ತೋರಿಸುತ್ತವೆ.

ಮಸಿ ಹಿಡಿದ ದೊಡ್ಡ ತಪ್ಪಲೆ ನಸುಕಿನಿಂದ ಒಲೆಯ ಮೇಲಿದೆ. ರಾತ್ರಿ ನೆನೆಹಾಕಿದ ಒಂದು ಸೇರು ಹುರುಳಿ, ಅದರ ಮೇಲೆ ಗೇಣುದ್ದ ನೀರು. ಕೆಳಗೆ ಉರಿಯುತ್ತಿರುವುದು ತೋಟದ ಮರಗಸಿಯಲ್ಲಿ ಬಿದ್ದ ಕೊಂಬೆಗಳು. ದೊಡ್ಡಮ್ಮ ಸೌಟಿನಲ್ಲಿ ಎರಡು ಕಾಳೆತ್ತಿ ಹಿಸುಕಿ ನೋಡಿ, ತಪ್ಪಲೆಯ ಬಾಯಿಗೆ ಚಿಬ್ಬಲು ಒತ್ತಿ ಬಗ್ಗಿಸುತ್ತಾರೆ. ಆವಿಯ ನಡುವೆ ಕೆಂಗಂದು ನೀರು ಇಳಿಯುತ್ತದೆ. ಅದೇ ಕಟ್ಟು. ಈಗ ಅದೊಂದೇ ಮತ್ತೆ ಒಲೆ ಏರಬೇಕು. ನಾಲ್ಕು ಪಾಲು ಒಂದು ಪಾಲಾಗುವವರೆಗೆ ಕುದಿಯಬೇಕು.

“ಇನ್ನೂ ಎಷ್ಟು ಹೊತ್ತು ದೊಡ್ಡಮ್ಮ?”

“ಕುದೀಲಿ ಬಿಡು ಮಾರಾಯ. ಹೊರಗೆ ಹೋಗಿ ಎಂತ ಮಾಡ್ತಿ ಈ ಮಳೇಲಿ?”

ಹೋಗುವುದಾದರೂ ಎಲ್ಲಿಗೆ? ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಗುಡ್ಡಗಳಿವು. ಹುರುಳಿ ಇಲ್ಲಿ ಬೆಳೆಯುವುದಿಲ್ಲ, ಬೇರು ಕೊಳೆತುಹೋಗುತ್ತದೆ. ಇದೇ ಚಿಕ್ಕಮಗಳೂರು ಜಿಲ್ಲೆಯ ಇನ್ನೊಂದು ತುದಿಯಲ್ಲಿ, 600 ಮಿಲಿಮೀಟರಿನ ಆಸುಪಾಸಿನಲ್ಲೇ ದಿನ ದೂಡುವ ಕಡೂರಿನಂಥ ಬಯಲಿನ ಹೊಲಗಳಲ್ಲಿ ಅದು ಸುಖವಾಗಿ ಬರುತ್ತದೆ. ಮೊದಲೆಲ್ಲ ಮಳೆ ಹಿಡಿಯುವ ಮುಂಚೆಯೇ ಚೀಲಗಟ್ಟಲೆ ತಂದು ಅಟ್ಟಕ್ಕೇರಿಸುತ್ತಿದ್ದರು, ಅದೂ ಮುಖ್ಯವಾಗಿ ಎತ್ತುಗಳಿಗಾಗಿ. ನಾಟಿಯ ದಿನಗಳಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನೇಗಿಲು ಎಳೆಯುವ ಜೀವಕ್ಕೆ ಬರೀ ಹುಲ್ಲು ಸಾಲುತ್ತದೆಯೇ? ನೂರು ಗ್ರಾಂ ಹುರುಳಿಯಲ್ಲಿ 22 ಗ್ರಾಂನಷ್ಟು ಪ್ರೋಟೀನ್ ಇದೆ ಎಂದು ಈಗ ಪುಸ್ತಕಗಳು ಹೇಳುತ್ತವೆ. ಹೂಡುವವರು ಅದನ್ನು ಎತ್ತಿನ ಹೆಗಲು ನೋಡಿಯೇ ತಿಳಿದಿದ್ದರು. ಬೆಂದ ಕಾಳು ಕೊಟ್ಟಿಗೆಗೆ, ಬಸಿದ ಕಟ್ಟು ಅಡುಗೆಮನೆಗೆ. ಎತ್ತಿನ ಪಾಲಿನಿಂದ ಮನೆಮಂದಿಗೆ ಒದಗಿದ ಸಾರು ಇದು. ಈಗ ಗದ್ದೆಗೆ ಟಿಲ್ಲರ್ ಇಳಿಯುತ್ತದೆ, ಕೊಟ್ಟಿಗೆಯಲ್ಲಿ ಉಳಿದಿರುವುದು ಒಂದು ಹಸು, ಒಂದು ಕರು.

ಮಧ್ಯಾಹ್ನದ ಹೊತ್ತಿಗೆ ಕಟ್ಟು ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದೆ. ಗುಳ್ಳೆಗಳು ಪಟಪಟ ಒಡೆಯುವುದು ಬಿಟ್ಟು ದಪ್ಪಗೆ, ನಿಧಾನವಾಗಿ ಏಳುತ್ತಿವೆ. ಉಪ್ಪು, ಹುಣಸೆರಸ, ಅಡಿಕೆಗಾತ್ರದ ಬೆಲ್ಲ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಬಳ್ಳಿಯದೇ ಕಾಳುಮೆಣಸು, ಒರಳಿನಲ್ಲಿ ತರಿತರಿಯಾಗಿ ಜಜ್ಜಿದ್ದು. ಕೊನೆಗೆ ತುಪ್ಪ ಕಾಯಿಸಿ, ಸಾಸಿವೆ ಸಿಡಿಸಿ, ಸಿಪ್ಪೆ ಸಮೇತ ಜಜ್ಜಿದ ಬೆಳ್ಳುಳ್ಳಿ ಕೆಂಪಾಗುತ್ತಲೇ ನಾಲ್ಕು ಜೀರಿಗೆ ಮೆಣಸು ಹಾಕಿದರೆ ಮನೆಯಲ್ಲಿದ್ದವರೆಲ್ಲ ಒಮ್ಮೆಗೇ ಕೆಮ್ಮುತ್ತಾರೆ. ಕುಕ್ಕರಿನಲ್ಲಿ ಹುರುಳಿ ಬೇಗ ಬೇಯುತ್ತದೆ, ನಿಜ. ಆದರೆ ಕಟ್ಟು ಹೀಗೆ ಮಂದವಾಗಬೇಕಾದರೆ ಬಾಯಿ ತೆರೆದ ಪಾತ್ರೆಯೇ ಬೇಕು, ಪಕ್ಕದಲ್ಲಿ ಒಬ್ಬರು ಕೂತಿರಬೇಕು.

ಮೊದಲ ಲೋಟ ಅನ್ನಕ್ಕಲ್ಲ, ಹಾಗೇ ಕುಡಿಯಲಿಕ್ಕೆ. ಎರಡೂ ಅಂಗೈಯಲ್ಲಿ ಹಿಡಿಯಿರಿ. ಮೊದಲು ಹುಳಿ, ಅದರ ಹಿಂದೆ ಬೆಲ್ಲ, ಗಂಟಲಿಳಿದ ಮೇಲೆ ಮೆಣಸಿನ ಖಾರ. ಕಿವಿ ಬೆಚ್ಚಗಾಗುತ್ತದೆ, ಮೂಗು ಸುರಿಯುತ್ತದೆ. ರಾತ್ರಿಗೆ ಇದರ ಜೊತೆ ಬಿಸಿ ಕಡುಬು. ನಾಳೆ ಮತ್ತೆ ಕುದಿಸಿದರೆ ಇನ್ನಷ್ಟು ರುಚಿ, ನಾಡಿದ್ದು ಅದಕ್ಕಿಂತ ಹೆಚ್ಚು.

ದೊಡ್ಡಮ್ಮ ತಪ್ಪಲೆಯನ್ನು ಕೆಂಡದ ಬದಿಗೆ ಸರಿಸಿದರು. ಬಸಿದ ಕಾಳಿನಲ್ಲಿ ಪಲ್ಯಕ್ಕೆ ಬೇಕಾದಷ್ಟು ತೆಗೆದಿಟ್ಟು, ಮಿಕ್ಕದ್ದನ್ನು ಬಕೆಟ್ಟಿಗೆ ಸುರಿದು, ತಲೆಗೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ಮಳೆಯಲ್ಲೇ ಕೊಟ್ಟಿಗೆಗೆ ಹೊರಟರು. ಬಕೆಟ್ಟಿನ ಸದ್ದಿಗೆ ಹಸು ಆಗಲೇ ಕೂಗಲು ಶುರುಮಾಡಿದೆ.