ತಿಕೋಟಾದ ಶೆಡ್ಡಿನಲ್ಲಿ ಪೊಟ್ಯಾಸಿಯಂ

ವಿಜಯಪುರದ ಸೊಲ್ಲಾಪುರ ರಸ್ತೆಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಾಗಲಿ, ಬೇರೆ ಯಾವುದೇ ಆಗಲಿ, ಮೊದಲ ವರ್ಷದ ಹುಡುಗರು ಬಾಯಿಪಾಠ ಮಾಡುವ ಎರಡು ಅಂಕಿಗಳಿವೆ. ಜೀವಕೋಶದೊಳಗೆ ಪೊಟ್ಯಾಸಿಯಂ ಲೀಟರಿಗೆ ಸುಮಾರು 140 ಮಿಲಿಮೋಲ್, ಹೊರಗಿನ ರಕ್ತದ ನೀರಿನಲ್ಲಿ 4ರ ಆಸುಪಾಸು. ನಮ್ಮ ರೋಗನಿರೋಧಕ ಶಕ್ತಿಯ ಒಂದು ಪಾಲು ನಿಂತಿರುವುದು ಈ ಅಂತರದ ಮೇಲೆ.

ಅದನ್ನೇ ಯೋಚಿಸುತ್ತ ವಿಜಯಪುರದಿಂದ ಅಥಣಿ ರಸ್ತೆ ಹಿಡಿದೆ. ತೊರವಿಯ ಮಹಿಳಾ ವಿಶ್ವವಿದ್ಯಾಲಯ ದಾಟಿದ ಮೇಲೆ ದ್ರಾಕ್ಷಿ ಪಡಗಳು ಶುರು. ತಿಕೋಟಾದ ಹೊರಗೆ ಒಣದ್ರಾಕ್ಷಿಯ ಶೆಡ್ಡೊಂದು. ನೆರಳುಬಲೆಯೊಳಗೆ ಒಂದರ ಮೇಲೊಂದು ಜಾಳಿಗೆಯ ಅಂತಸ್ತು. ಥಾಮ್ಸನ್ ಸೀಡ್‌ಲೆಸ್ ಗೊಂಚಲುಗಳನ್ನು ಕ್ರೇಟಿಗೆ ತುಂಬಿ ದ್ರಾವಣದಲ್ಲಿ ಅದ್ದಿ ತೆಗೆಯುತ್ತಿದ್ದರು. ನೀರಿಗೆ ಬೆರೆಸಿದ್ದು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್. ಇವು ಸಿಪ್ಪೆಯ ಮೇಲಿನ ಮೇಣದ ಪದರವನ್ನು ಸಡಿಲಿಸುತ್ತವೆ.

"ಅದ್ದದಿದ್ರ ಲಗೂ ಒಣಗೂದಿಲ್ರೀ ಸರ. ಒಳಗಿನ ನೀರಿಗೆ ದಾರಿ ಬೇಕಲ್ರೀ," ಎಂದರು ಕ್ರೇಟು ಹಿಡಿದಿದ್ದವರು.

ಇಲ್ಲಿ ಪೊಟ್ಯಾಸಿಯಂ ನೀರಿಗೆ ದಾರಿ ಬಿಡಿಸುತ್ತದೆ. ನಮ್ಮ ಬಿಳಿ ರಕ್ತಕಣಗಳಲ್ಲಿ ದಾರಿ ಇರುವುದು ಪೊಟ್ಯಾಸಿಯಂಗೇ. ಕಣ ಸುಮ್ಮನೆ ಕೂತಾಗಲೂ ತೆರೆದಿರುವ ಈ ದಾರಿಗಳಿಗೆ ಹಿನ್ನೆಲೆ ಪೊಟ್ಯಾಸಿಯಂ ಚಾನೆಲ್‌ಗಳೆಂದು ಹೆಸರು. ಮನುಷ್ಯರಲ್ಲಿ ಇವುಗಳಿಗೆ 15 ಜೀನ್‌ಗಳಿವೆ. ಮೊದಲು ಸಿಕ್ಕಿದ ಟ್ವಿಕ್-1 ಅನ್ನು 1996ರಲ್ಲಿ ಫ್ರಾನ್ಸಿನ ಸಂಶೋಧಕರು ವರದಿ ಮಾಡಿದರು.

ಸದಾ ಸೋರುವುದೆಂದರೆ ನಷ್ಟ ಅನ್ನಿಸಬಹುದು. ಹಾಗಲ್ಲ. ಪೊಟ್ಯಾಸಿಯಂ ತನ್ನ ಧನ ವಿದ್ಯುದಂಶವನ್ನು ಹೊರಗೊಯ್ಯುವುದರಿಂದ ಕೋಶದ ಒಳಗು ಋಣವಾಗಿ ಉಳಿಯುತ್ತದೆ. ರೋಗಾಣುವಿನ ಸುಳಿವು ಸಿಕ್ಕು ಟಿ-ಕೋಶ ಎಂಬ ಬಿಳಿ ರಕ್ತಕಣ ಎದ್ದಾಗ ಅದಕ್ಕೆ ಹೊರಗಿನಿಂದ ಕ್ಯಾಲ್ಸಿಯಂ ಬೇಕು. ಧನ ಅಯಾನಾದ ಕ್ಯಾಲ್ಸಿಯಂ ಒಳಗೆ ಹರಿಯಲು ಆ ಋಣದ ಸೆಳೆತವೇ ಆಧಾರ. ಬೇರೆ ಪೊಟ್ಯಾಸಿಯಂ ಚಾನೆಲ್‌ಗಳ ಜೊತೆ ಟಾಸ್ಕ್ ಎಂಬ ಹಿನ್ನೆಲೆ ಚಾನೆಲ್‌ಗಳೂ ಅದನ್ನು ಕಾಯುತ್ತವೆ.

ನನಗೆ ಇನ್ನೂ ಸ್ವಾರಸ್ಯ ಎನಿಸಿದ್ದು ಮ್ಯಾಕ್ರೋಫೇಜ್ ಕಥೆ. ರೋಗಾಣುಗಳನ್ನು ನುಂಗುವ ಈ ಕೋಶದೊಳಗಿನ ಪೊಟ್ಯಾಸಿಯಂ ತಟ್ಟನೆ ಇಳಿದರೆ ಎನ್‌ಎಲ್‌ಆರ್‌ಪಿ3 ಎಂಬ ಪ್ರೋಟೀನು ಕೂಟ ಕಟ್ಟಿ ಉರಿಯೂತ ಹೊತ್ತಿಸುತ್ತದೆ. ಪೊಟ್ಯಾಸಿಯಂ ಹೊರಬೀಳುವ ದಾರಿ ಟ್ವಿಕ್-2 ಎಂಬ ಹಿನ್ನೆಲೆ ಚಾನೆಲ್ ಎಂದು ಷಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದ ತಂಡ 2018ರಲ್ಲಿ ತೋರಿಸಿತು. ಆ ಚಾನೆಲ್ ಇಲ್ಲದ ಇಲಿಗಳ ಶ್ವಾಸಕೋಶದಲ್ಲಿ ಉರಿಯೂತ ತಗ್ಗಿತ್ತು. ದಾರಿ ಮುಚ್ಚಲು ಅವರು ಬಳಸಿದ್ದರಲ್ಲಿ ಮಲೇರಿಯಾದ ಹಳೆಯ ಮದ್ದು ಕ್ವಿನೈನ್ ಕೂಡ ಇತ್ತು!

ಬಬಲೇಶ್ವರಕ್ಕೆ ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಕೃಷ್ಣೆಯ ನೀರನ್ನು ಮೇಲೆತ್ತಿ ತರುವ ತುಬಚಿ–ಬಬಲೇಶ್ವರ ಏತ ನೀರಾವರಿಯ ಮಾತು ಚಹಾ ಅಂಗಡಿಯಲ್ಲಿ ನಡೆದಿತ್ತು. ನಡುವೆ ನನ್ನ ಪೊಟ್ಯಾಸಿಯಂ ಪುರಾಣ ಕೇಳಿದ ಬೆಳೆಗಾರರೊಬ್ಬರು, "ಹಂಗಾರ ಒಣದ್ರಾಕ್ಷಿ ತಿಂದ್ರ ರೋಗ ಬರೂದಿಲ್ಲೇನ್ರೀ?" ಎಂದರು.

ನೂರು ಗ್ರಾಂ ಒಣದ್ರಾಕ್ಷಿಯಲ್ಲಿ 700 ಮಿಲಿಗ್ರಾಂಗೂ ಮಿಕ್ಕ ಪೊಟ್ಯಾಸಿಯಂ ಇರುತ್ತದೆ, ನಿಜ. ಆದರೆ ಎಷ್ಟು ತಿಂದರೂ ಗಟ್ಟಿಯಿರುವ ಕಿಡ್ನಿ ರಕ್ತದ ಮಟ್ಟವನ್ನು ಲೀಟರಿಗೆ 3.5ರಿಂದ 5 ಮಿಲಿಮೋಲಿನೊಳಗೇ ಹಿಡಿದು, ಮಿಕ್ಕಿದ್ದನ್ನು ಮೂತ್ರಕ್ಕೆ ಹಾಕುತ್ತದೆ. ಕಿಡ್ನಿ ಸೋತವರಲ್ಲಿ ಅದು ಏರುತ್ತ ಹೋಗಿ ಹೃದಯದ ಬಡಿತವನ್ನೇ ಕೆಡಿಸಬಹುದು. ಡಯಾಲಿಸಿಸ್ ಮೇಲಿರುವವರಿಗೆ ಡಾಕ್ಟರು ಒಣದ್ರಾಕ್ಷಿ ಬೇಡ ಎನ್ನುವುದು ಅದಕ್ಕೇ ಎಂದೆ.

"ನಮ್ಮ ಮಾವಗೂ ಹಂಗ ಹೇಳ್ಯಾರ್ರೀ," ಎಂದರು ಅವರು. "ಮನ್ಯಾಗ ಚೀಲಗಟ್ಟಲೆ ಐತಿ, ಒಂದ ಕಾಳ ಮುಟ್ಟೂದಿಲ್ಲ."